ಬುಧವಾರದ ಮೊಟ್ಟೆ

ಫ್ಲೋರೆಟ್ ಮನೆಗೆಲಸವನ್ನು ಗಡಿಯಾರದಲ್ಲಿ ಅಳೆಯುತ್ತಿರಲಿಲ್ಲ, ಕೀರ್ತನೆಯಲ್ಲಿ ಅಳೆಯುತ್ತಿದ್ದಳು. ಒಂದು ಕೀರ್ತನೆ ಹೇಳಿ ಮುಗಿಸುವಷ್ಟು ಹೊತ್ತು ಕೈಯಾಡಿಸುವುದು, ಎರಡು ಕೀರ್ತನೆಯಷ್ಟು ಹೊತ್ತು ಮಲಗುವುದು. ಕ್ಯಾರೆಟ್ ಹೆರೆಯುವುದಕ್ಕೆ ಚಿಕ್ಕದು, ಹಿಟ್ಟು ನಾದುವುದಕ್ಕೆ ನಡುತರದ್ದು. ಉದ್ದನೆಯದನ್ನು ಈಚಿನ ವರ್ಷಗಳಲ್ಲಿ ಅವಳು ನಿಂತುಕೊಂಡು ಹೇಳಿಯೇ ಇರಲಿಲ್ಲ. ಅಮ್ಮನ ಬಾಯಿಂದ ಕೇಳಿ ಕೇಳಿ ಕಿವಿಗೆ ಅಂಟಿದ ಸಾಲುಗಳು ಅವು. ದೇವರಿಗೆ ಸಲ್ಲಬೇಕಾದ್ದನ್ನು ಈರುಳ್ಳಿ ಹೆಚ್ಚುವುದಕ್ಕೆ ಅಳತೆಗೋಲು ಮಾಡಿಕೊಂಡೆನಲ್ಲ ಎಂದು ಮೊದಮೊದಲು ಅಳುಕಾಗುತ್ತಿತ್ತು. ಆಮೇಲೆ, ಈ ಮನೆಯ ಸ್ಥಿತಿ ದೇವರಿಗೂ ಗೊತ್ತಿದೆ ಎಂದುಕೊಂಡು ಸುಮ್ಮನಾದಳು.

ಒಂದು ಚಳಿಗಾಲದಲ್ಲಿ ಬಂದ ಜ್ವರ ಬಿಟ್ಟು ಹೋಗುವಾಗ ಅವಳ ತ್ರಾಣವನ್ನು ಹೊತ್ತುಕೊಂಡು ಹೋಗಿತ್ತು. ಔಷಧದಂಗಡಿಯ ಕೆಲಸ ಹೋಯಿತು, ಪ್ರಾರ್ಥನಾಮಂದಿರದ ಮೆಟ್ಟಿಲು ದೂರವಾಯಿತು. ಇವತ್ತು ಹೆಚ್ಚು ದುಡಿದರೆ ಮೈ ಇವತ್ತು ಏನೂ ಹೇಳುತ್ತಿರಲಿಲ್ಲ. ನಾಡಿದ್ದು ಬಂದು ಮುಯ್ಯಿ ತೀರಿಸಿಕೊಳ್ಳುತ್ತಿತ್ತು. "ದಣಿವಾದ ಮೇಲೆ ನಿಲ್ಲಿಸಬೇಡಿ, ದಣಿವಾಗೋ ಮುಂಚೆ ನಿಲ್ಲಿಸಿ" ಎಂದು ವೈದ್ಯೆ ಹೇಳಿದ್ದಳು. ಹೇಳುವುದು ಸುಲಭ. ಒಲೆಯ ಮೇಲಿನ ಹಾಲು ಉಕ್ಕುವ ಮುಂಚೆಯೇ ಇಳಿಸು ಎಂದ ಹಾಗೆ, ಆದರೆ ಪಾತ್ರೆ ಕಣ್ಣಿಗೆ ಕಾಣಿಸುವುದಿಲ್ಲ.

ಯೆಹೂದಿಗಳ ಹೊಸವರ್ಷದ ಹಬ್ಬ ಈ ಸಲ ಗುರುವಾರ, ಶುಕ್ರವಾರ ಬಂದಿತ್ತು. ಅದರ ಬೆನ್ನಿಗೇ ಶನಿವಾರದ ಸಬ್ಬತ್ತು, ಅಡುಗೆಯನ್ನೇ ಮಾಡಬಾರದ ವಿಶ್ರಾಂತಿಯ ದಿನ. ಮೂರೂ ದಿನಕ್ಕೆ ತಮ್ಮ ಆರ್ಮಾನ್, ಅವನ ಹೆಂಡತಿ ಲಿಡಿಯಾ, ಮಗಳು ನೋಯೆಮಿ ಮೆಟ್ಸ್‌ನಿಂದ ಕೋಲ್ಮಾರ್‌ಗೆ ಬರುವವರಿದ್ದರು. ಮೂರು ದಿನದ ಊಟಗಳಲ್ಲಿ ಮನೆಯವರೆಲ್ಲ ಎಣಿಸುತ್ತಿದ್ದದ್ದು ಒಂದನ್ನೇ, ಶುಕ್ರವಾರ ರಾತ್ರಿಯದನ್ನು. ಎಲುಬಿನ ಮಜ್ಜೆಯ ಉಂಡೆ ಹಾಕಿದ ಗೋಮಾಂಸದ ಸೂಪು, ಮೂಲಂಗಿಯ ಹಾಗೆ ಮೂಗಿಗೇರುವ ಖಾರದ ಬೇರಿನ ಚಟ್ನಿ, ಪೇರು ಹಣ್ಣು ಹಾಕಿ ಬೇಯಿಸಿದ ಸಿಹಿ ಕಡುಬು, ಕುಗೆಲ್. ಅಮ್ಮ ಮಾಡುತ್ತಿದ್ದದ್ದು, ಅಮ್ಮನ ಮೇಜಿನ ಮೇಲೆ. ಮದುವೆಯಾಗದ ಫ್ಲೋರೆಟ್ ಅಮ್ಮನ ಮನೆಯಲ್ಲೇ ಉಳಿದಿದ್ದರಿಂದ ಮೇಜೂ ಅವಳಿಗೆ ಉಳಿದಿತ್ತು.

ಬೇಸಿಗೆಯಲ್ಲಿ ಆರ್ಮಾನ್ ಫೋನ್ ಮಾಡಿ, "ಅಕ್ಕ, ನೋಡು, ನಿನಗೆ ಕಷ್ಟ ಆದ್ರೆ ಬೇಡ. ಈ ಸಲ ನೋಡೋಣ. ಆಗ್ಲಿಲ್ಲಾಂದ್ರೆ ಮುಂದಿನ ವರ್ಷದಿಂದ ಮೆಟ್ಸ್‌ನಲ್ಲೇ ಇಟ್ಕೊಳ್ಳೋಣ. ನೀನು ಬಂದು ಮಹಾರಾಣಿ ಥರ ಕೂತ್ಕೋ" ಎಂದಿದ್ದ.

ಮಹಾರಾಣಿ ಮೆಟ್ಸ್‌ವರೆಗೆ ರೈಲಿನಲ್ಲಿ ಕೂರಲಾರಳು ಎನ್ನುವುದು ಅವನಿಗೆ ಹೊಳೆದಿರಲಿಲ್ಲ. ಅವಳೂ ಹೇಳಲಿಲ್ಲ. ಹೇಳಿದರೆ, "ನೋಡೋಕೆ ಚೆನ್ನಾಗೇ ಇದೀಯಲ್ಲಕ್ಕ" ಎನ್ನುತ್ತಾನೆ. ಮೇಜು ಮೆಟ್ಸ್‌ಗೆ ಹೋದರೆ ಹಬ್ಬವೇ ಹೋಯಿತು. ಮೂರು ದಿನ ಒಬ್ಬಳೇ ಕೂತು ತನ್ನ ಬ್ರೆಡ್ಡಿಗೆ ತಾನೇ ಜೇನು ಸವರಿಕೊಳ್ಳಬೇಕು.

ಹೀಗಾಗಿ ಇಡೀ ವಾರವನ್ನು ಅವಳು ಹಗ್ಗದ ಮೇಲೆ ನಡೆಯುವವಳಂತೆ ನಡೆದಳು. ಮೀನು ಬೇಯಿಸಿದ ದಿನ ಬೇರೇನನ್ನೂ ಮುಟ್ಟಲಿಲ್ಲ. ಪ್ಲಮ್ ಹಣ್ಣಿನ ಬೀಜ ತೆಗೆದದ್ದು ಹಾಸಿಗೆಯ ಮೇಲೆ, ಮಡಿಲಲ್ಲಿ ಬೋಗುಣಿ ಇಟ್ಟುಕೊಂಡು. ಅಡುಗೆಮನೆಗೆ ಎತ್ತರದ ಸ್ಟೂಲು, ಹಜಾರಕ್ಕೊಂದು ಕುರ್ಚಿ. ಶುಕ್ರವಾರ ರಾತ್ರಿಯ ಅಡುಗೆಯನ್ನು ಮಾತ್ರ ಬೇಕೆಂದೇ ಶುಕ್ರವಾರಕ್ಕೇ ಬಿಟ್ಟಿದ್ದಳು. ಎಲ್ಲವನ್ನೂ ಮೊದಲೇ ಮಾಡಿಬಿಡುತ್ತೇನೆಂದು ಹೊರಟ ವರ್ಷಗಳಲ್ಲಿ ಸೂಪು ಬಡಿಸುವ ಹೊತ್ತಿಗೆ ಅವಳು ಮಲಗುವ ಕೋಣೆಯ ಕತ್ತಲಲ್ಲಿದ್ದಳು; ತಾನೇ ಬೇಯಿಸಿದ್ದನ್ನು ಹೊಗಳುವ ಮಾತು ಗೋಡೆಯಾಚೆಯಿಂದ ಕೇಳಿಸುತ್ತಿತ್ತು. ಈ ಸಲ ಮೇಜಿಗೆ ಕೂರಬೇಕು. ಕೂತು, ಕೊನೆಯ ಹಾಡು ಮುಗಿಯುವವರೆಗೂ ಏಳಬಾರದು.

ಶುಕ್ರವಾರಕ್ಕೆ ಬಿಡಬೇಕಾದರೆ ಒಂದು ಕಟ್ಟಳೆಯಿತ್ತು. ಹಬ್ಬದ ದಿನ ಆ ದಿನದ ಅಡುಗೆ ಮಾಡಬಹುದು, ನಾಳೆಯದನ್ನು ಮಾಡುವಂತಿಲ್ಲ. ದಿನ ಹುಟ್ಟುವುದು ಸೂರ್ಯ ಮುಳುಗಿದಾಗ, ಹಾಗಾಗಿ ಶುಕ್ರವಾರ ರಾತ್ರಿಯ ಊಟ ನಾಳೆಯ ಸಬ್ಬತ್ತಿನದು; ಅದಕ್ಕೂ ಅದೇ ಕಟ್ಟಳೆ. ಅದಕ್ಕೆ ಹಿರಿಯರು ಒಂದು ದಾರಿ ಮಾಡಿಟ್ಟಿದ್ದರು. ಹಬ್ಬ ಹುಟ್ಟುವ ಮುಂಚೆ, ಬುಧವಾರ ಸಂಜೆ, ಬೇಯಿಸಿದ ಒಂದು ಮೊಟ್ಟೆ, ಒಂದು ಪುಟ್ಟ ರೊಟ್ಟಿ ತೆಗೆದಿಟ್ಟು, ಸಬ್ಬತ್ತಿನ ಅಡುಗೆ ಈಗಲೇ ಶುರುವಾಯಿತು ಎಂದು ಬಾಯಿಬಿಟ್ಟು ಹೇಳಬೇಕು. ಎರುವ್ ಎನ್ನುತ್ತಾರೆ ಅದಕ್ಕೆ. ಆಮೇಲೆ ಶುಕ್ರವಾರ ಮಾಡುವುದೆಲ್ಲ ಶುರುವಾದದ್ದರ ಮುಂದುವರಿಕೆ.

ಶುಕ್ರವಾರ ಬೆಳಿಗ್ಗೆ ಮೂವರೂ ಪ್ರಾರ್ಥನೆಗೆ ಹೋದ ಮೇಲೆ ಫ್ಲೋರೆಟ್ ದೊಡ್ಡ ಪಾತ್ರೆಯನ್ನು ಒಲೆಯ ಹತ್ತಿರ ಎಳೆದುಕೊಂಡಳು. ಹಬ್ಬದಲ್ಲಿ ಹೊಸದಾಗಿ ಬೆಂಕಿ ಹಚ್ಚುವಂತಿಲ್ಲವೆಂದು ಮುಂಚೆಯೇ ಹಚ್ಚಿಟ್ಟ ಸಣ್ಣ ಉರಿ ತಗಡಿನ ಕೆಳಗೆ ನೀಲಿಯಾಗಿ ಉರಿಯುತ್ತಿತ್ತು. ಮಾಂಸ ತೆಗೆಯಲೆಂದು ಫ್ರಿಜ್ಜಿನ ಬಾಗಿಲು ತೆರೆದಾಗ ಮೇಲಿನ ಅರೆಯಲ್ಲಿ ನೀಲಿ ಅಂಚಿನ ತಟ್ಟೆ ಕಂಡಿತು. ಅದರಲ್ಲಿ ಮೊಟ್ಟೆ, ಮಗ್ಗುಲಲ್ಲಿ ರೊಟ್ಟಿ.

ಅವಳ ಕೈ ಬಾಗಿಲ ಮೇಲೆಯೇ ನಿಂತಿತು.

ಬುಧವಾರ ಮೊಟ್ಟೆ ಬೇಯಿಸಿದ್ದು ನೆನಪಿತ್ತು. ತಣ್ಣೀರಿಗೆ ಹಾಕಿದ್ದು, ತಟ್ಟೆ ಒರೆಸಿದ್ದು, ರೊಟ್ಟಿ ಇಟ್ಟದ್ದು ನೆನಪಿತ್ತು. ಎರಡು ಕೀರ್ತನೆ ಮಲಗಿ ಎದ್ದು ಬಂದು ಮಾತು ಹೇಳುತ್ತೇನೆ ಎಂದುಕೊಂಡಿದ್ದಳು. ದಣಿವಾಗುವ ಮುಂಚೆ ನಿಲ್ಲಿಸಬೇಕಲ್ಲ. ಎರಡನೆಯ ಕೀರ್ತನೆಯ ನಡುವಿನಲ್ಲೆಲ್ಲೋ ನಿದ್ದೆ ಹಿಡಿಯಿತು. "ಅತ್ತೆ, ಏಳು, ದೀಪದ ಹೊತ್ತು ಮೀರ್ತಿದೆ" ಎಂದು ಆಗಷ್ಟೇ ಊರಿಂದ ಬಂದಿಳಿದಿದ್ದ ನೋಯೆಮಿ ಭುಜ ಅಲುಗಿಸಿದಾಗ ಎದ್ದು, ಮುಖಕ್ಕೆ ನೀರೂ ಹಾಕದೆ ದೀಪ ಹಚ್ಚಿದ್ದಳು. ಹಬ್ಬ ಒಳಗೆ ಬಂತು. ಮಾತು ಹೊರಗೇ ಉಳಿಯಿತು.

ಸ್ಟೂಲಿನ ಮೇಲೆ ಕೂತಳು. ಮರೆತವರಿಗೂ ಒಂದು ಆಸರೆ ಇತ್ತು. ಊರಿನ ಧರ್ಮಗುರು, ರಬ್ಬಿ, ತಮ್ಮ ಮೊಟ್ಟೆ ಇಡುವಾಗ ಮರೆತವರ ಪರವಾಗಿಯೂ ಇಡುತ್ತಾರೆ. ಹಿಂದೊಮ್ಮೆ ವಸಂತದ ಪಾಸ್ಕ ಹಬ್ಬದ ಕೊನೆಗೆ ಸಬ್ಬತ್ತು ತಾಗಿ ಬಂದಾಗ ಅವಳು ಆ ಆಸರೆ ಹಿಡಿದಿದ್ದಳು. ಅವತ್ತು ರಬ್ಬಿ ನಗುತ್ತಲೇ, "ಮರೆತೋರಿಗೆ ನನ್ನ ಮೊಟ್ಟೆ ಇದೆಯಮ್ಮ, ಆದ್ರೆ ಒಂದ್ಸಲಕ್ಕೆ ಮಾತ್ರ. ಎರಡನೇ ಸಲ ಮರೆತ್ರೆ ಅದಕ್ಕೆ ಮರೆವು ಅನ್ನಲ್ಲ, ಉದಾಸೀನ ಅಂತಾರೆ" ಎಂದಿದ್ದರು.

ಉದಾಸೀನ. ಈ ವಾರದಲ್ಲಿ ಅವಳು ಉಸಿರನ್ನೂ ಎಣಿಸಿ ಬಿಟ್ಟಿದ್ದಳು. ಕಾಯಿಲೆಯ ಮರೆವೂ ಉದಾಸೀನವೇ ಎಂದು ರಬ್ಬಿಯನ್ನು ಕೇಳಬಹುದಿತ್ತು, ಅವರು ಅಲ್ಲ ಎನ್ನಲೂಬಹುದಿತ್ತು. ಆದರೆ ಹಬ್ಬದ ದಿನ ಫೋನ್ ಮುಟ್ಟುವಂತಿಲ್ಲ. ಅವರ ಮನೆ ಕಾಲುವೆಯ ಆಚೆ, ಮೂರನೆಯ ಮಹಡಿ. ಹೋಗಿ ಬಂದರೆ ಸಂಜೆಗೆ ಮತ್ತೆ ಅದೇ ಕತ್ತಲ ಕೋಣೆ. ತಮ್ಮನನ್ನು ಕಳಿಸಿದರೆ ತಮ್ಮನಿಗೆ ಗೊತ್ತಾಗುತ್ತದೆ.

ಏನೂ ಹೇಳದೆ ಒಲೆಗೆ ಇಟ್ಟುಬಿಟ್ಟರೆ? ಮೊಟ್ಟೆ ಅಲ್ಲೇ ಇದೆ, ಯಾರು ನೋಡಿದರೂ ಎಲ್ಲ ಸರಿಯಿದೆ ಎನ್ನುತ್ತಾರೆ. ಬಾಯಿಂದ ಹೊರಡದ ಮಾತಿಗೆ ಸಾಕ್ಷಿ ಯಾರು? ಮಾಂಸದ ತುಂಡನ್ನು ಎತ್ತಿ ಪಾತ್ರೆಯ ಮೇಲೆ ಹಿಡಿದೂ ಆಯಿತು. ಹೊಸವರ್ಷಕ್ಕೆಂದು ಪ್ರಾರ್ಥನಾಮಂದಿರದಲ್ಲಿ ಊದುವ ಟಗರಿನ ಕೊಂಬಿನ ದನಿ ಈ ಮನೆಗೆ ಕೇಳಿಸುವುದಿಲ್ಲ, ಆದರೂ ಈ ಹೊತ್ತಿಗೆ ಅಲ್ಲಿ ಊದುತ್ತಿರುತ್ತಾರೆ ಎನ್ನುವುದು ಅವಳಿಗೆ ಗೊತ್ತಿತ್ತು. ವರ್ಷಕ್ಕೊಮ್ಮೆ ದೇವರ ಮುಂದೆ ಎಲ್ಲರ ತೀರ್ಪಾಗುವ ದಿನ. ಮಾಂಸವನ್ನು ಮತ್ತೆ ಬಟ್ಟಲಿಗಿಳಿಸಿ ಮುಚ್ಚಿದಳು. ಹಾಸಿಗೆಗೆ ಹೋಗಿ ಮಲಗಿದಳು. ಕೀರ್ತನೆ ಬಾಯಿಗೆ ಬರಲಿಲ್ಲ.

ಮಧ್ಯಾಹ್ನದ ಊಟ ತಣ್ಣಗಿನ ಮೀನು, ಪ್ಲಮ್ ಹಣ್ಣಿನ ಟಾರ್ಟ್. ಆರ್ಮಾನ್ ಹೊಟ್ಟೆ ಸವರಿಕೊಂಡ. "ರಾತ್ರಿಗೆ ಜಾಗ ಇಟ್ಕೊಂಡಿದೀನಿ ಅಕ್ಕ. ಮಜ್ಜೆ ಉಂಡೆ ಕಡಿಮೆ ಬಿದ್ರೆ ಮಾತ್ರ ಜಗಳ ಆಗುತ್ತೆ."

"ಅಪ್ಪ ಹೋದ ಸಲ ಒಂಬತ್ತು ತಿಂದು ಎಂಟು ಅಂದ್ರು. ಎಣಿಸಿದ್ದೆ ನಾನು" ಎಂದಳು ನೋಯೆಮಿ.

"ಸೂಪಲ್ಲಿ ಕರಗಿದ್ದು ಲೆಕ್ಕಕ್ಕೆ ಬರಲ್ಲ ಕಣೆ" ಎಂದು ಅವನು ಸೋಫಾದ ಮೇಲೆ ಉರುಳಿ ಗೊರಕೆಗೆ ತೊಡಗಿದ.

ಲಿಡಿಯಾ ತಟ್ಟೆಗಳನ್ನು ಎತ್ತಿಕೊಂಡು ಅಡುಗೆಮನೆಗೆ ಬಂದಳು. ಒಲೆಯ ಕಡೆ ನೋಡಿದಳು, ಖಾಲಿ ಪಾತ್ರೆಯ ಕಡೆ ನೋಡಿದಳು.

"ಅತ್ತಿಗೆ, ಮಾಂಸ ಇನ್ನೂ ಇಟ್ಟಿಲ್ವಾ? ಆ ತುಂಡು ಬೇಯೋಕೆ ಸಂಜೆ ಆಗುತ್ತೆ."

ಫ್ಲೋರೆಟ್‌ಗೆ ಈ ಹೆಂಗಸಿನೊಡನೆ ಎಂದೂ ಸಲಿಗೆ ಬೆಳೆದಿರಲಿಲ್ಲ. ಲಿಡಿಯಾ ನಾನ್ಸಿ ಪಟ್ಟಣದವಳು, ತವರಿನಲ್ಲಿ ಹಬ್ಬ ಅಂದರೆ ಹೊಸ ಅಂಗಿ, ಅಷ್ಟೇ. ಮದುವೆಯಾದ ಹೊಸತರಲ್ಲಿ ಹೀಗೇ ಹಬ್ಬಕ್ಕೆ ಸಬ್ಬತ್ತು ತಾಗಿ ಬಂದಾಗ ಅವಳು ಎರುವ್ ಮರೆತಿದ್ದಳು. ಅಮ್ಮ ತುಂಬಿದ ಮೇಜಿನ ಮುಂದೆ, "ನಮ್ಮ ಸೊಸೆಗೆ ಕೋಳಿ ಸಾಕೋದು ಕಲಿಸ್ಬೇಕು, ಒಂದು ಮೊಟ್ಟೆ ಹುಟ್ಟಿಲ್ಲ ಮನೇಲಿ" ಎಂದಿದ್ದಳು. ಎಲ್ಲರೂ ನಕ್ಕಿದ್ದರು.

"ಇಡೋ ಹಾಗಿಲ್ಲ ಲಿಡಿಯಾ" ಎಂದಳು ಫ್ಲೋರೆಟ್. "ನಾನು ಎರುವ್ ಹೇಳಿಲ್ಲ. ಮೊಟ್ಟೆ ಇಟ್ಟು ಮಲಗಿಬಿಟ್ಟೆ."

ಲಿಡಿಯಾ ತಟ್ಟೆಗಳನ್ನು ನಿಧಾನವಾಗಿ ಕೆಳಗಿಟ್ಟಳು. "ರಬ್ಬಿಗಳ ಮೊಟ್ಟೆ ಇರುತ್ತಲ್ಲ?"

"ಅದನ್ನ ಒಂದ್ಸಲ ತಿಂದಾಗಿದೆ."

ಲಿಡಿಯಾ ಫ್ರಿಜ್ಜಿನ ಹತ್ತಿರ ಹೋಗಿ ಬಾಗಿಲು ತೆರೆದು, ಕೆಳಗಿನ ಅರೆಯ ಹಿಂಭಾಗಕ್ಕೆ ಕೈ ಹಾಕಿ ಒಂದು ಪುಟ್ಟ ಡಬ್ಬಿ ತೆಗೆದಳು. ಮುಚ್ಚಳ ತೆರೆದು ತೋರಿಸಿದಳು. ಒಂದು ಮೊಟ್ಟೆ, ಕರವಸ್ತ್ರದಲ್ಲಿ ಸುತ್ತಿದ ರೊಟ್ಟಿ.

"ಬುಧವಾರ ಮನೇಲೇ ಹೇಳಿ ತಂದೆ. ಎಲ್ಲಿಗೆ ಹೋದ್ರೂ ತರ್ತೀನಿ, ಅತ್ತೆ ಹಾಗಂದ ಮೇಲಿಂದ. ಇನ್ನೊಬ್ಬರ ಮೊಟ್ಟೆ ನಂಬ್ಕೊಂಡು ಕೂರಲ್ಲ ಅಂತ." ಅವಳ ದನಿಯಲ್ಲಿ ಗೆದ್ದ ಸಂತೋಷ ಇರಲಿಲ್ಲ. ಇದ್ದಿದ್ದರೆ ಫ್ಲೋರೆಟ್‌ಗೆ ಹಗುರಾಗುತ್ತಿತ್ತೇನೋ.

ಮುಂದಿನದು ಇಬ್ಬರಿಗೂ ಗೊತ್ತಿತ್ತು, ಆದರೆ ಬಾಯಿಬಿಡಬೇಕಾದವಳು ಫ್ಲೋರೆಟ್. ಮರೆತವಳು ತಾನು ಬೇಯಿಸುವಂತಿಲ್ಲ, ಅವಳ ಹಿಟ್ಟನ್ನು ಬೇರೆಯವರು ಬೇಯಿಸುವಂತೆಯೂ ಇಲ್ಲ. ಎರುವ್ ಇಟ್ಟವರಿಗೆ ಅದನ್ನೆಲ್ಲ ಕೊಟ್ಟುಬಿಡಬೇಕು. ಸಾಲವಲ್ಲ, ಕೈಬದಲಲ್ಲ, ದಾನ. ಪಡೆದವರು ಎತ್ತಿ ಹಿಡಿದರೆ ಅವರದಾಯಿತು. ಆಮೇಲೆ ಅವರು ತಮ್ಮ ಅಡುಗೆ ಮಾಡಿ, ಮನಸ್ಸಿದ್ದರೆ, ಇವಳಿಗೂ ಬಡಿಸಬಹುದು.

"ನಿನಗೆ ಕೊಡ್ತೀನಿ. ತಗೋ" ಎಂದಳು.

ಲಿಡಿಯಾ ಕದಲಲಿಲ್ಲ. "ಅತ್ತಿಗೆ, ಬಾಯಿಮಾತಿಗೆ ಕೊಟ್ರೆ ಕೊಟ್ಟ ಹಾಗಾಗಲ್ಲ ಅಂತ ನಮಗೆ ಕಲಿಸಿದ್ದೂ ಈ ಮನೆಯೋರೇ. ಮನಸಾರೆ ಕೊಡ್ತಿದೀರಾ? ಇಲ್ಲಾಂದ್ರೆ ನಾನು ಒಲೆ ಹತ್ರ ಹೋಗಲ್ಲ. ಮೀನು ಉಳಿದಿದೆ, ರಾತ್ರಿಗೆ ಅದನ್ನೇ ತಿನ್ನೋಣ."

ಫ್ಲೋರೆಟ್‌ಗೆ ಕೊಡಲು ಮನಸ್ಸಿರಲಿಲ್ಲ. ಕೈಗೆ ಬಲವಿಲ್ಲದಿದ್ದಾಗ ಮುಷ್ಟಿ ಮಾತ್ರ ಎಷ್ಟು ಗಟ್ಟಿಯಾಗುತ್ತದೆ ಎಂದು ಅವಳಿಗೇ ಆಶ್ಚರ್ಯವಾಯಿತು.

"ಕೊಟ್ಟೆ" ಎಂದಳು. "ಮಾಂಸ ನಿಂದು. ಮಜ್ಜೆ ನಿಂದು, ಹಿಟ್ಟು, ಪೇರು ಹಣ್ಣು, ಎಣ್ಣೆ ನಿಂದು."

ಲಿಡಿಯಾ ಒಂದೊಂದನ್ನೂ ಗೇಣೆತ್ತರ ಎತ್ತಿ ಇಳಿಸಿದಳು. ಮಾಂಸದ ಬಟ್ಟಲು ಭಾರವಾಗಿತ್ತು, ಎರಡೂ ಕೈ ಬೇಕಾಯಿತು. "ಉಪ್ಪು?" ಎಂದು ಕೇಳಿದಳು.

"ಉಪ್ಪೂ ನಿಂದೇ. ಕಪಾಟಿನ ಮೇಲ್ಗಡೆ ಇರ್ಬೇಕು. ಇಲ್ಲ, ಕಿಟಕಿ ಹತ್ರ ನೋಡು."

ಉಪ್ಪು ಹುಡುಕುವುದಕ್ಕೆ ಹೊತ್ತು ಹಿಡಿಯಿತು. ಕೊನೆಗೆ ಅದು ಸಿಕ್ಕಿದ್ದು ಟೀ ಬಟ್ಟಲುಗಳ ಹಿಂದೆ. ತಾನು ಅಲ್ಲಿ ಯಾವಾಗ ಇಟ್ಟೆ ಎನ್ನುವುದು ಫ್ಲೋರೆಟ್‌ಗೆ ತಿಳಿಯಲಿಲ್ಲ.

"ಆರ್ಮಾನ್‌ಗೆ ನಾನು ಹೇಳಲ್ಲ" ಎಂದಳು ಲಿಡಿಯಾ, ತೋಳು ಮಡಿಸುತ್ತಾ. "ಏ ನೋಯೆಮಿ, ಬಾ ಇಲ್ಲಿ, ಹಣ್ಣು ಹೆರಿ. ನೀನೂ ಬಾಯಿ ಮುಚ್ಕೊಂಡಿರು."

ಮಧ್ಯಾಹ್ನವೆಲ್ಲ ಫ್ಲೋರೆಟ್ ಸ್ಟೂಲಿನ ಮೇಲೆ ಕೂತಿದ್ದಳು. ಏನನ್ನೂ ಮುಟ್ಟಲಿಲ್ಲ. ಲಿಡಿಯಾ ಮಜ್ಜೆಯನ್ನು ಬಿಸಿ ಮಾಡುವಾಗ ಉರಿ ಹೆಚ್ಚಾಯಿತೆನಿಸಿತು. ಉಂಡೆಗಳನ್ನು ತೀರ ದೊಡ್ಡದಾಗಿ ಕಟ್ಟುತ್ತಿದ್ದಾಳೆನಿಸಿತು. "ಶುಂಠಿ ಚಿಟಿಕೆ ಸಾಕು" ಎಂದಳು ಒಮ್ಮೆ. "ನಮ್ಮನೇಲಿ ಹಾಕೋದೇ ಇಲ್ಲ" ಎಂದಳು ಲಿಡಿಯಾ, ಆದರೆ ಹಾಕಿದಳು. ಅಮ್ಮನ ಕೈಯಿಂದ ತನ್ನ ಕೈಗೆ ಬಂದದ್ದು ತನ್ನ ಕಣ್ಣೆದುರಿಗೇ ಇನ್ನೊಂದು ಕೈಗೆ ಹೋಗುವುದನ್ನು ನೋಡುತ್ತಾ ಕೂರುವುದು ದುಡಿತಕ್ಕಿಂತ ಕಠಿಣವಾಗಿತ್ತು. ನಡುವೆ ಎದ್ದು ಹೋಗಿ ಮಲಗಿದಳು, ಎದ್ದು ಬಂದಳು. ಕೆಲಸವಿಲ್ಲದೆ ಕೀರ್ತನೆಗೆ ಅಳೆಯುವುದಕ್ಕೆ ಏನೂ ಇರಲಿಲ್ಲ. ಸುಮ್ಮನೆ ಹೇಳಿಕೊಂಡಳು, ಚಿಕ್ಕಂದಿನಲ್ಲಿ ಅಮ್ಮನ ಪಕ್ಕ ಕೂತು ಹೇಳುತ್ತಿದ್ದ ಹಾಗೆ.

ಸಂಜೆ ದೀಪಗಳು ಉರಿದವು. ಆರ್ಮಾನ್ ದ್ರಾಕ್ಷಾರಸದ ಬಟ್ಟಲು ಹಿಡಿದು ಆಶೀರ್ವಾದ ಹೇಳಿದ. ಫ್ಲೋರೆಟ್ ಮೇಜಿನ ತಲೆಗೆ, ಅಮ್ಮನ ಜಾಗದಲ್ಲಿ ಕೂತಿದ್ದಳು. ಬೆನ್ನು ನೆಟ್ಟಗಿತ್ತು, ದನಿಗಳು ಹತ್ತಿರದಿಂದ ಕೇಳುತ್ತಿದ್ದವು. ಎಷ್ಟು ವರ್ಷಗಳಾದವು ಗೋಡೆಯ ಈ ಕಡೆ ಕೂತು.

ಆರ್ಮಾನ್ ಮೊದಲ ಚಮಚ ಬಾಯಿಗಿಟ್ಟು ಕಣ್ಣು ಮುಚ್ಚಿದ. "ಅಮ್ಮನ ಕೈ. ಹಾಗೇ ಕೂತಿದೆ ಅಕ್ಕ ನಿನ್ನ ಕೈಯಲ್ಲಿ." ಉಂಡೆಯೊಂದನ್ನು ಅರ್ಧ ಮಾಡಿದ. "ಸ್ವಲ್ಪ ದೊಡ್ಡದಾಗಿದೆ. ನನ್ನ ಲೆಕ್ಕ ತಪ್ಪಿಸೋಕೆ ತಾನೆ? ನಾನು ಹೇಳ್ಲಿಲ್ವಾ ಲಿಡಿಯಾ, ಅಕ್ಕ ಮನಸ್ಸು ಮಾಡಿದ್ರೆ ಯಾವ ಕಾಯಿಲೆನೂ ಇಲ್ಲ ಅಂತ? ಸರಿ ಬಿಡು, ಮೆಟ್ಸ್ ಮಾತು ಬೇಡ. ಮುಂದಿನ ವರ್ಷವೂ ಇಲ್ಲೇ."

ನೋಯೆಮಿ ಸೂಪಿನ ಬಟ್ಟಲೊಳಗೆ ನೋಡಿದಳು. ಲಿಡಿಯಾಳ ಬಲಗೈಯ ಹೆಬ್ಬೆರಳಿನ ಬಳಿ ಪಾತ್ರೆ ತಾಗಿ ಸುಟ್ಟ ಗುರುತು ಕೆಂಪಗಿತ್ತು. ಅವಳು ಆ ಕೈಯನ್ನು ಮೇಜಿನ ಕೆಳಗಿಟ್ಟುಕೊಂಡು, ಬ್ರೆಡ್ಡಿನ ಚೂರನ್ನು ಜೇನಿಗೆ ಅದ್ದುತ್ತಿದ್ದಳು. ಏನೂ ಹೇಳಲಿಲ್ಲ; ಹೇಳುವುದೂ ಇಲ್ಲ.

ಬೇಸಿಗೆಯಿಂದ ಹಂಬಲಿಸಿದ ಮಾತು ತಾನಾಗಿಯೇ ಬಂದು ತಟ್ಟೆಯ ಮುಂದೆ ಕೂತಿತ್ತು. ಸುಮ್ಮನೆ ನಕ್ಕರೆ ಸಾಕು. ಫ್ಲೋರೆಟ್ ನಗಲು ಬಾಯಿ ತೆರೆದಳು. ಈಗ ನಕ್ಕರೆ ಮಧ್ಯಾಹ್ನ ಕೊಟ್ಟದ್ದನ್ನು ಕಿತ್ತುಕೊಂಡ ಹಾಗೆ. ಕಿತ್ತುಕೊಂಡರೆ ಅದು ಎಂದೂ ಕೊಟ್ಟದ್ದೇ ಅಲ್ಲ. ಆಗ ಈ ಸೂಪು ಏನಾಯಿತು, ಇದನ್ನು ಬೇಯಿಸಿದ ಕೈ ಏನಾಯಿತು?

"ಆರ್ಮಾನ್, ಇದು ನನ್ನ ಅಡುಗೆ ಅಲ್ಲ."

"ಅಕ್ಕ, ಹಬ್ಬದ ದಿನ ವಿನಯ ಬೇಡ."

"ವಿನಯ ಅಲ್ಲ. ನಾನು ಎರುವ್ ಮರೆತೆ. ಇದು ಎರಡನೇ ಸಲ. ಮಾಂಸ, ಹಿಟ್ಟು, ಉಪ್ಪು ಎಲ್ಲ ಲಿಡಿಯಾಗೆ ಕೊಟ್ಟುಬಿಟ್ಟೆ. ಅವಳ ಮೊಟ್ಟೆ ಇತ್ತು, ಅವಳು ಬೇಯಿಸಿದ್ಲು. ನಾನು ನೋಡ್ತಾ ಕೂತಿದ್ದೆ. ಮನಸ್ಸು ಮಾಡಿದ್ರೆ ಆಗೋದಲ್ಲಪ್ಪ ಇದು. ಮನಸ್ಸು ಮಾಡಿದ್ದೆ. ಆಗ್ಲಿಲ್ಲ."

ಆರ್ಮಾನ್ ಚಮಚ ಕೆಳಗಿಟ್ಟ. ಹೆಂಡತಿಯನ್ನು ನೋಡಿದ, ಅಕ್ಕನನ್ನು ನೋಡಿದ. ಅವನ ಮುಖದಲ್ಲಿ ಕೋಪವಿರಲಿಲ್ಲ, ಲೆಕ್ಕ ತಪ್ಪಿದವನ ಗೊಂದಲವಿತ್ತು. "ಹಾಗಾದ್ರೆ... ಹಾಗಾದ್ರೆ ಮೆಟ್ಸ್‌ನಲ್ಲೇ ಒಳ್ಳೇದಲ್ವಾ? ನಿನಗೇ ಆರಾಮು."

"ಮೆಟ್ಸ್‌ಗೆ ಬರೋಕೆ ನನ್ನ ಕೈಲಾಗಲ್ಲ. ಬಂದ್ರೂ ಊಟದ ಹೊತ್ತಿಗೆ ನಿಮ್ಮನೆ ಹಾಸಿಗೇಲಿರ್ತೀನಿ. ನೀವು ಮಾಡ್ಕೊಳ್ಳಿ. ನನ್ನ ಬಿಟ್ಟು ಮಾಡ್ಕೊಳ್ಳಿ ಅಂತಾನೇ ಅದರ ಅರ್ಥ. ಅದು ಗೊತ್ತಿದ್ದು ಮಾಡಿ, ಅಷ್ಟೇ."

ದೀಪವೊಂದು ಚಟಪಟ ಎಂದಿತು.

"ಸೂಪು ಆರ್ತಿದೆ" ಎಂದಳು ಲಿಡಿಯಾ. ಆರ್ಮಾನ್ ಮತ್ತೆ ಬಾಯಿ ತೆರೆದಾಗ ಸುಟ್ಟ ಕೈಯನ್ನೇ ಎತ್ತಿ ತಡೆದಳು. "ಊಟ ನಂದು ಅಂತ ಈಗ ತಾನೆ ಕೇಳಿದ್ರಲ್ಲ. ನನ್ನ ಊಟದ ಮೇಲೆ ಕೂತು ಪಂಚಾಯ್ತಿ ಬೇಡ. ತಿನ್ನಿ."

ತಿಂದರು. ಕುಗೆಲ್ ತಳ ಹಿಡಿದಿತ್ತು. ಯಾರೂ ಅದನ್ನು ಅಮ್ಮನ ಕೈಯದು ಎನ್ನಲಿಲ್ಲ. ಹಾಡುಗಳು ತಡವರಿಸುತ್ತ ಶುರುವಾದವು, ಕೊನೆಯದು ಮುಗಿಯುವವರೆಗೂ ಫ್ಲೋರೆಟ್ ಕೂತಿದ್ದಳು.

ಶನಿವಾರ ಇಳಿಹೊತ್ತಿಗೆ ಮೈ ತನ್ನ ಮುಯ್ಯಿ ಕೇಳತೊಡಗಿತು; ಮೊದಲು ಕಣ್ಣಿನ ಹಿಂದೆ, ಆಮೇಲೆ ಮಂಡಿಯಲ್ಲಿ. ಸಬ್ಬತ್ತಿನ ಮೂರನೆಯ ಊಟಕ್ಕೆ ಮೇಜಿನ ಮೇಲೆ ಎರಡು ಮೊಟ್ಟೆಗಳಿದ್ದವು. ಎರುವ್‌ನ ಮೊಟ್ಟೆಯನ್ನು ತಿಂದು ಮುಗಿಸುವುದು ಈ ಊಟದಲ್ಲಿ. ನೋಯೆಮಿ ನೀಲಿ ಅಂಚಿನ ತಟ್ಟೆಯದನ್ನು ಎತ್ತಿಕೊಂಡು, "ಅತ್ತೆ, ಇದು ಬರೀ ಮೊಟ್ಟೆ ತಾನೆ?" ಎಂದಳು.

"ಬರೀ ಮೊಟ್ಟೆ."

"ಹಾಗಾದ್ರೆ ನಂಗೆ" ಎಂದು ಸುಲಿದು ಎರಡೇ ತುತ್ತಿಗೆ ಮುಗಿಸಿದಳು.

ಲಿಡಿಯಾ ತನ್ನ ಡಬ್ಬಿಯ ಮೊಟ್ಟೆಯನ್ನು ಸುಲಿದು, ದಾರವಿಟ್ಟು ನಡುವೆ ಕೊಯ್ದು, ಅರ್ಧವನ್ನು ಫ್ಲೋರೆಟ್‌ಳ ತಟ್ಟೆಗೆ ಸರಿಸಿದಳು. ಫ್ಲೋರೆಟ್ ಅದನ್ನು ನೋಡುತ್ತ ಕೂತಳು. ಪಡೆಯುವುದಕ್ಕೂ ಎತ್ತಿ ಹಿಡಿಯಬೇಕು. ಅವಳು ಎತ್ತಿದಳು.

ಲಿಡಿಯಾ ಸುತ್ತ ನೋಡಿದಳು. "ಉಪ್ಪು ಮತ್ತೆ ಎಲ್ಲಿ ಹೋಯ್ತು ಅತ್ತಿಗೆ? ಅದಕ್ಕೊಂದು ಜಾಗ ಮಾಡಿ, ನಾನೇ ಇಡ್ತೀನಿ. ಪ್ರತಿ ವರ್ಷ ಬಂದು ಹುಡುಕ್ತಾ ಕೂರೋಕಾಗಲ್ಲ ನಂಗೆ."

ಆರ್ಮಾನ್ ತಲೆಯೆತ್ತಿ ಹೆಂಡತಿಯ ಕಡೆ ನೋಡಿ, ಮತ್ತೆ ತಟ್ಟೆಗೆ ತಲೆ ಬಗ್ಗಿಸಿದ.

ಕಪಾಟಿನ ಕೆಳಗಿನ ಅರೆ, ಅಮ್ಮ ಇಡುತ್ತಿದ್ದ ಜಾಗ, ಫ್ಲೋರೆಟ್‌ಳ ನಾಲಿಗೆಯ ತುದಿಯವರೆಗೆ ಬಂತು.

"ನಿನಗೆ ಕೈಗೆಟುಕೋ ಕಡೆ ಇಡು" ಎಂದಳು. ಹೇಳಿ, ಮೇಜಿನ ಅಂಚು ಹಿಡಿದುಕೊಂಡು, ಮಲಗಲು ಎದ್ದಳು.